ಬಾಯಿ ಹೇಳಿದ್ದು, ಕೈ ಬರೆದದ್ದು

ಮುಐದರ್, ದೋಹಾ
12 ಜನವರಿ 2024

ಪ್ರೀತಿಯ ಅಕ್ಷಯಾ,

ನೀನು ನನ್ನನ್ನು ನೋಡಿಲ್ಲ. ನನ್ನ ಹೆಸರು ಪರ್ಪೆಚುವಾ, ಊರು ಶಿರ್ವ. ನಿನ್ನ ಅಮ್ಮ ಇರುವ ವಿಲ್ಲಾವನ್ನು ಅದರ ಮಾಲೀಕ ನಡುವೆ ಗೋಡೆ ಎಬ್ಬಿಸಿ ಬೇರೆ ಬೇರೆ ಬಾಡಿಗೆಗೆ ಕೊಟ್ಟಿದ್ದಾನೆ. ಎದುರಿನ ಭಾಗ ನಿನ್ನ ಯಜ್ಞೇಶಣ್ಣನದ್ದು, ಹಿಂದಿನದು ನಮ್ಮದು. ಟೆರೇಸು ಮಾತ್ರ ಎಲ್ಲರಿಗೂ ಒಂದೇ. ನಾನು ಇಲ್ಲಿ ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತೇನೆ. ಮದುವೆಗೆ ಮೊದಲು ಊರಿನ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ.

ಇದರೊಳಗೆ ನಿನ್ನ ಅಮ್ಮ ಬರೆದ ಕಾಗದ ಇದೆ. ಹೌದು, ಲೀಲಕ್ಕನೇ ಬರೆದದ್ದು.

ಕಳೆದ ಬೇಸಿಗೆಯಲ್ಲಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಟೆರೇಸಿನಲ್ಲಿ ಎಡಗೈಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಹೋಗಿ ಸಹಾಯ ಮಾಡಿದೆ. ತುಳುವಿನಲ್ಲಿ ಮಾತು ಶುರುವಾಯಿತು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಿ ಎನ್ನುತ್ತಾರೆ. ಪ್ಲಾಸ್ಟರ್ ತೆಗೆದ ಮೇಲೆ ಒಂದು ದಿನ ಕೇಳಿದರು, “ಬಾಯಿ, ನನಗೆ ಅಕ್ಷರ ಕಲಿಸ್ತೀರಾ?”

“ಈಗ ಎಂತಕ್ಕೆ ಲೀಲಕ್ಕ?”

“ಮಗಳಿಗೆ ಕಾಗದ ಬರೀಬೇಕು.”

“ಫೋನ್ ಉಂಟಲ್ಲ?”

ಅವರು ಬಕೆಟಿನಲ್ಲಿ ಉಳಿದ ಬಟ್ಟೆ ಹಿಂಡತೊಡಗಿದರು. ನಾನೂ ಮತ್ತೆ ಕೇಳಲಿಲ್ಲ. ಅಂದಿನಿಂದ ಶುಕ್ರವಾರ ಬೆಳಿಗ್ಗೆ, ಮತ್ತು ನನಗೆ ಮಧ್ಯಾಹ್ನದ ಡ್ಯೂಟಿ ಇರುವ ದಿನಗಳಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ನಮ್ಮ ಕ್ಲಾಸು. ಪುಸ್ತಕ ಮನೆಯೊಳಗೆ ಒಯ್ಯುವುದು ಬೇಡ ಎಂದರು. ಹಾಗಾಗಿ ಬಕೆಟಿನಲ್ಲಿ ಬೆರಳು ಅದ್ದಿ ಸಿಮೆಂಟಿನ ಮೇಲೆ ಬರೆದು ಕಲಿತರು. ಇಲ್ಲಿನ ಬಿಸಿಲಿಗೆ ಎರಡನೇ ಅಕ್ಷರ ಮುಗಿಯುವ ಮೊದಲೇ ಮೊದಲನೆಯದು ಆರಿ ಹೋಗುತ್ತದೆ. ಮತ್ತೆ ಬರೆಯುತ್ತಾರೆ.

ಫೋಟೋ ತೆಗೆದು ನಿನಗೆ ವಾಟ್ಸಾಪ್ ಮಾಡಲಾ ಎಂದೆ. “ಬೇಡ, ಅವಳ ಫೋನನ್ನು ಯಾರು ಯಾರು ನೋಡ್ತಾರೋ” ಎಂದು ಕಾಗದವನ್ನು ಮಡಚಿ, ಅಂಟು ಹಾಕಿ ನನ್ನ ಕೈಗೆ ಕೊಟ್ಟಿದ್ದಾರೆ. ನಾನು ಓದಿಲ್ಲ, ತಿದ್ದಿಲ್ಲ. ನೀನು ಉತ್ತರ ಬರೆಯುವುದಾದರೆ ಲಕೋಟೆಯ ಹಿಂದೆ ಇರುವ ನಮ್ಮ ಕ್ಲಿನಿಕ್‌ನ ಪೋಸ್ಟ್ ಬಾಕ್ಸಿಗೆ ಬರೆ. ಮನೆಯ ವಿಳಾಸಕ್ಕೆ ಬೇಡ.

ನಿನ್ನ ಹಿತ ಬಯಸುವ
ಪರ್ಪೆಚುವಾ ಆಂಟಿ


(ಜೊತೆಗಿದ್ದ ಕಾಗದ)

ಮಗಾ ಅಕ್ಷಯಾ,

ನಾನು ಅಮ್ಮ. ಇದು ನನ್ನ ಕೈ. ನಗಬೇಡ.

ಫೋನಿನಲ್ಲಿ ನಾನು ಹೇಳುವುದನ್ನು ನಂಬಬೇಡ. ಫೋನು ಮೇಜಿನ ಮೇಲೆ ಇರುತ್ತದೆ. ಎಲ್ಲರೂ ಕೇಳುತ್ತಾರೆ.

ಕೃತಿಕ್ ಬೇಡ. ಮದುವೆ ಬೇಡ.

ಕೈ ನೋಯುತ್ತದೆ. ಮತ್ತೆ ಬರೆಯುತ್ತೇನೆ.

ನಿನ್ನ ಅಮ್ಮ
ಲೀಲಾಕ್ಷಿ


ಕಾರ್ಕಳ
6 ಫೆಬ್ರವರಿ 2024

ಪರ್ಪೆಚುವಾ ಆಂಟಿಗೆ ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ನೀವು ಯಾರೋ ನನಗೆ ಗೊತ್ತಿಲ್ಲ, ಆದ್ದರಿಂದ ಮಾತು ಒರಟಾದರೆ ಕ್ಷಮಿಸಿ. ನನ್ನ ಅಮ್ಮನಿಗೆ ಅಕ್ಷರ ಬರುವುದಿಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ನನ್ನ ಪ್ರೋಗ್ರೆಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದವಳು ಅವಳು. ಉಳಿದ ಮಕ್ಕಳ ಕಾರ್ಡಿನಲ್ಲಿ ಸಹಿ ಇರುತ್ತಿತ್ತು, ನನ್ನದರಲ್ಲಿ ನೀಲಿ ಮಸಿ. ಈಗ ನಲವತ್ತಾರು ದಾಟಿದ ಮೇಲೆ ಕಾಗದ ಬರೆಯುತ್ತಾಳೆ ಎಂದರೆ ನಾನು ಹೇಗೆ ನಂಬಲಿ?

ಅಪ್ಪ ತೀರಿಹೋದ ಮೇಲೆ ಅಪ್ಪನ ಅಣ್ಣನ ಮಗ ಯಜ್ಞೇಶಣ್ಣನೇ ಅಮ್ಮನನ್ನು ಕರೆಸಿಕೊಂಡದ್ದು. ಅಶ್ವಿತಾ ಅತ್ತಿಗೆಯ ಬಾಣಂತನಕ್ಕೆ ಆರು ತಿಂಗಳು ಎಂದಿದ್ದರು. ಮೂರು ವರ್ಷವಾಯಿತು. ನಾನು ಅಮ್ಮನ ಅಕ್ಕ, ದೊಡ್ಡಮ್ಮನ ಮನೆಯಲ್ಲಿದ್ದು ಇಲ್ಲಿನ ಸಹಕಾರಿ ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಕೃತಿಕ್ ಅತ್ತಿಗೆಯ ತಮ್ಮ, ದೋಹಾದಲ್ಲೇ ಗೋಡೌನಿನಲ್ಲಿ ಸೂಪರ್‌ವೈಸರ್. ದಿನಾ ಫೋನ್ ಮಾಡುತ್ತಾರೆ, ಒಂದು ದಿನವೂ ತಪ್ಪಿಸಿಲ್ಲ. ಕಳೆದ ಶುಕ್ರವಾರ ಅಮ್ಮನೇ “ಹುಡುಗ ಒಳ್ಳೆಯವ ಮಗಾ, ಹೂಂ ಹೇಳು” ಎಂದಳು. ನನ್ನ ಕಿವಿಯಿಂದ ಕೇಳಿದ್ದೇನೆ. ಆ ಸ್ವರವನ್ನು ನಂಬಲೋ, ಈ ಸೊಟ್ಟ ಅಕ್ಷರವನ್ನು ನಂಬಲೋ?

ಈ ಸಂಬಂಧ ಆಗಬಾರದು ಎಂದು ಯಾರಿಗೋ ಇರಬಹುದು. ಅವರು ನೀವಾಗಿದ್ದರೆ ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ಅಲ್ಲ, ನಿಜವಾಗಿ ಅಮ್ಮನೇ ಆಗಿದ್ದರೆ, ಮುಂದಿನ ಸಲ ಫೋನಿನಲ್ಲಿ ನನ್ನ ಹತ್ತಿರ “ಹೊಲಿಗೆ ಮಿಷನಿಗೆ ಎಣ್ಣೆ ಬಿಟ್ಟೆಯಾ” ಎಂದು ಕೇಳಲಿ. ನಮ್ಮಲ್ಲಿ ಈಗ ಹೊಲಿಗೆ ಮಿಷನ್ ಇಲ್ಲ. ಅಪ್ಪ ಹೋದ ವರ್ಷವೇ ಮಾರಿದೆವು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಇಂತಿ
ಅಕ್ಷಯಾ


ಮುಐದರ್
15 ಮಾರ್ಚ್ 2024

ಮಗಾ,

ನಿನ್ನ ಕಾಗದ ನಾನೇ ಓದಿದೆ. ಓದಿ ಮುಗಿಸಲು ಒಂದು ವಾರ ಬೇಕಾಯಿತು, ನೀನು ಕೂಡಿಸಿ ಬರೆಯುತ್ತೀ. ನಿನಗೆ ಸಿಟ್ಟು ಬಂದದ್ದು ಸರಿ. ಗೊತ್ತಿಲ್ಲದವರು ಬರೆದದ್ದನ್ನು ನಂಬದಿರಲು ನಾನೇ ನಿನಗೆ ಕಲಿಸಿದ್ದು.

ಎಣ್ಣೆಯ ಮಾತು ಕೇಳಿದಾಗ ನೀನು ಸುಮ್ಮನಾದೆ. ಅಶ್ವಿತಾ “ಲೈನ್ ಕಟ್ ಆಯ್ತಾ ಮಾಮಿ?” ಎಂದಳು. ನಾನು ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದೆ. ಆಮೇಲೆ ನೀನು “ಬಿಟ್ಟಿದ್ದೇನೆ ಅಮ್ಮ” ಎಂದೆ. ಯಜ್ಞೇಶ ನಗುತ್ತಾ, “ನೋಡಿ, ಚಿಕ್ಕಮ್ಮನಿಗೆ ಇಲ್ಲಿ ಕೂತೂ ಮಿಷನಿದ್ದೇ ಚಿಂತೆ” ಎಂದ. ನಾನೂ ನಕ್ಕೆ.

ಈಗ ಕೈಯ ಸುದ್ದಿ. ಬಚ್ಚಲಲ್ಲಿ ಜಾರಿದ್ದು ಎಂದು ನಿನಗೆ ಹೇಳಿದ್ದೆ. ಬಚ್ಚಲಲ್ಲಿ ಅಲ್ಲ.

ಕೃತಿಕ್ ಗುರುವಾರ ಸಂಜೆ ಬಂದರೆ ಶನಿವಾರದವರೆಗೆ ಇಲ್ಲೇ ಇರುತ್ತಾನೆ. ಅವತ್ತು ಅವನ ಅಂಗಿಗೆ ಇಸ್ತ್ರಿ ಹಾಕುವಾಗ ಮಗು ಅತ್ತಿತು. ಎತ್ತಿಕೊಳ್ಳಲು ಹೋದೆ, ಕಾಲರಿನಲ್ಲಿ ಕಲೆಯಾಯಿತು. ಅವನು ಅಂಗಿಯನ್ನು ನೋಡಿದ. ಅಡುಗೆಮನೆಗೆ ಬಂದು ನನ್ನ ಬಲಗೈ ಹಿಡಿದು, ಸಿಂಕಿನ ಅಂಚಿಗೆ ಒತ್ತಿ ತಿರುಚಿದ. ಶಬ್ದ ಬಂದ ಮೇಲೆ ಬಿಟ್ಟ. ಕುಡಿದಿರಲಿಲ್ಲ. ಕೂಗಾಡಲಿಲ್ಲ. ಹೋಗಿ ಟಿ.ವಿ. ಹಾಕಿ ಕ್ರಿಕೆಟ್ ನೋಡುತ್ತಾ ಕೂತ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

ಯಜ್ಞೇಶ ಆಸ್ಪತ್ರೆಗೆ ಕರೆದುಕೊಂಡು ಹೋದ. ಕಾರಿನಲ್ಲಿ, “ಬಚ್ಚಲಲ್ಲಿ ಜಾರಿದ್ದು ಅಂತ ಹೇಳಿ ಚಿಕ್ಕಮ್ಮ. ಮನೆ ಮಾತು ಮನೆಯಲ್ಲಿರಲಿ” ಎಂದ. ಒಳ್ಳೆಯ ಮಾತಿನಲ್ಲೇ ಹೇಳಿದ. ಅವನು ಯಾವತ್ತೂ ಒಳ್ಳೆಯ ಮಾತಿನಲ್ಲೇ ಹೇಳುವುದು. ಅದಾದ ಎರಡು ತಿಂಗಳಿಗೆ ಕೃತಿಕ್‌ನ ಮದುವೆಯ ಮಾತಿನಲ್ಲಿ ನಿನ್ನ ಹೆಸರು ಬಂತು. ಅವತ್ತೇ ನಾನು ಟೆರೇಸಿಗೆ ಹೋಗಿ ಬಾಯಿಯ ಹತ್ತಿರ ಅಕ್ಷರ ಕೇಳಿದ್ದು.

ಬಾಯಿಯ ಫೋನಿನಿಂದ ಒಂದು ಮಾತು ಹೇಳಬಹುದಿತ್ತಲ್ಲ ಎಂದು ನಿನಗೆ ಅನ್ನಿಸಬಹುದು. ಅವರು ಫೋನು ಕೊಟ್ಟಿದ್ದರು. ನೀನು “ಹಲೋ ಯಾರು” ಎಂದೆ. ನಾನು ಇಟ್ಟುಬಿಟ್ಟೆ. ನಿನ್ನ ಸ್ವರ ಕೇಳಿದ ಕೂಡಲೇ ನನ್ನ ಬಾಯಿಗೆ “ನಾನು ಆರಾಮ, ನೀನು ಊಟ ಮಾಡಿದೆಯಾ” ಎಂಬುದೇ ಬರುತ್ತದೆ. ನಿನ್ನಪ್ಪ ಇದ್ದಾಗಿನಿಂದ ಅದು ಹಾಗೇ ರೂಢಿಯಾಗಿದೆ. ಕೈ ಹೊಸತಾಗಿ ಕಲಿಯುತ್ತಿದೆ, ಅದಕ್ಕೆ ಇನ್ನೂ ಆ ರೂಢಿ ಇಲ್ಲ.

ಕಾಗದದ ಮೇಲೆ ಮೊದಲು “ನಾವು ಇಲ್ಲಿ ಕ್ಷೇಮ” ಎಂದು ಬರೆಯಬೇಕು ಎಂದು ಬಾಯಿ ಕಲಿಸಿದ್ದಾರೆ. ಕ್ಷ ಕಷ್ಟ, ಆದರೆ ನಾನು ಎಲ್ಲಕ್ಕಿಂತ ಮೊದಲು ಅದನ್ನೇ ಕಲಿತೆ. ನಿನ್ನ ಹೆಸರಿನಲ್ಲೂ ಇದೆ, ನನ್ನ ಹೆಸರಿನಲ್ಲೂ ಇದೆ. ಬರೆಯಲು ಬರುತ್ತದೆ. ಸುಳ್ಳಾಗುತ್ತದೆ ಎಂದು ಬರೆಯಲಿಲ್ಲ.

ಇಲ್ಲಿ ಹೊರಗೆ ಹೋದರೆ ಎಲ್ಲ ಬೋರ್ಡುಗಳೂ ಅರಬ್ಬಿ, ಇಂಗ್ಲಿಷು. ಇಷ್ಟು ಕಲಿತರೂ ನನಗೆ ಓದಲು ಸಿಗುವುದು ಓಲ್ಡ್ ಏರ್‌ಪೋರ್ಟ್ ಎಂಬ ಏರಿಯಾದ ಅಂಗಡಿಯಿಂದ ತರುವ ಊರಿನ ಕುಚ್ಚಲಕ್ಕಿ ಚೀಲ, ಮತ್ತೆ ನೀನು. ಚೀಲ ಬಾಯಿಪಾಠ ಆಗಿದೆ. ನೀನು ಬರೆ.

ನಿನ್ನ ಅಮ್ಮ
ಲೀಲಾಕ್ಷಿ


ಕಾರ್ಕಳ
3 ಏಪ್ರಿಲ್ 2024

ಅಮ್ಮಾ,

ಬಿಡಿಸಿ ಬರೆಯುತ್ತಿದ್ದೇನೆ. ಓದಲು ಆಗುತ್ತಿದೆಯಾ?

ನಿನ್ನ ಕಾಗದವನ್ನು ಸೊಸೈಟಿಯ ಸ್ಟ್ರಾಂಗ್ ರೂಮಿನಲ್ಲಿ ನಿಂತು ಓದಿದೆ. ಹೊರಗೆ ಬಂದಾಗ ಜೊತೆಗೆ ಕೆಲಸ ಮಾಡುವ ರೈಹಾನಾ “ಎಂತಾಯ್ತು ಮಾರಾಯ್ತಿ, ಮುಖ ಹೀಗುಂಟು” ಎಂದಳು. ತಲೆನೋವು ಎಂದೆ. ನಿನ್ನ ಮಗಳಲ್ಲವಾ, ನನ್ನ ಬಾಯಿಗೂ ಅದೇ ಬರುತ್ತದೆ.

ನನಗೆ ಯಾಕೆ ಹೂಂ ಎನ್ನುವ ಮನಸ್ಸಿತ್ತು ಎಂದು ನೀನು ಕೇಳಲಿಲ್ಲ. ಕೃತಿಕ್ ಮದುವೆಯ ನಂತರ ದೋಹಾಕ್ಕೆ ಕರೆದುಕೊಂಡು ಹೋಗುತ್ತೇನೆ, ನಿನ್ನ ಅಮ್ಮನ ಮನೆಯ ಹತ್ತಿರವೇ ಮನೆ ಮಾಡುವ ಎಂದಿದ್ದರು. ನಾನು ಅವರ ಮುಖ ಸರಿಯಾಗಿ ನೋಡಿಯೂ ಇರಲಿಲ್ಲ. ನಿನ್ನನ್ನು ನೋಡಬೇಕಿತ್ತು.

ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ಅವರು ಯಾರದೋ ಕೈಯಲ್ಲಿ ನನಗೊಂದು ಫೋನ್ ಕಳಿಸಿದ್ದರು. ಅದರಲ್ಲಿ ಬರುವ ಮೆಸೇಜುಗಳೆಲ್ಲ ಅವರ ಲ್ಯಾಪ್‌ಟಾಪಿನಲ್ಲೂ ಕಾಣಿಸುತ್ತವೆ. “ನಮ್ಮೊಳಗೆ ಎಂತ ಮುಚ್ಚುಮರೆ” ಎಂದಿದ್ದರು. ಅದು ಪ್ರೀತಿ ಎಂದುಕೊಂಡಿದ್ದೆ. ನೀನು ಫೋಟೋ ಕಳಿಸುವುದು ಬೇಡ ಎಂದದ್ದು ಒಳ್ಳೆಯದಾಯಿತು.

ಈಗ ನಾನು ಬೇಡ ಎಂದರೆ ಅವರು ನಿನ್ನನ್ನು ಏನು ಮಾಡುತ್ತಾರೆ? ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಯಾವ ವೀಸಾದಲ್ಲಿ ಹೋದದ್ದು ನೀನು? ಅವತ್ತು ಏರ್‌ಪೋರ್ಟಿನಲ್ಲಿ ನಾನು ಏನೂ ಕೇಳಲಿಲ್ಲ. ಹೊಸ ಸೀರೆ ಉಟ್ಟು ನೀನು ಚಂದ ಕಾಣುತ್ತಿದ್ದೆ.

ಮೊದಲು ನೀನು ಹೊರಗೆ ಬಾ. ನೀನು ಆ ಮನೆಯಲ್ಲಿ ಇರುವವರೆಗೆ ನಾನು ಇಲ್ಲ ಎನ್ನಲಾರೆ.

ನಿನ್ನ
ಅಕ್ಷಯಾ


ಮುಐದರ್
26 ಏಪ್ರಿಲ್ 2024

ಮಗಾ ಅಕ್ಷಯಾ,

ಮೊದಲು ನೀನು ಬೇಡ ಎನ್ನು. ನನ್ನದು ಆಮೇಲೆ ನೋಡುವ.

ನೀನು ಕೇಳಿದ್ದೀ ಎಂದು ವಿಚಾರಿಸಿದೆ. ಮಗುವಿಗೆ ಊಟ ಮಾಡಿಸುತ್ತಾ ಸಾದಾ ಮಾತಿನಂತೆ, “ಯಜ್ಞೇಶಾ, ನನ್ನ ಪಾಸ್‌ಪೋರ್ಟ್ ಎಲ್ಲುಂಟು?” ಎಂದೆ.

“ನನ್ನ ಹತ್ರ ಜಾಗ್ರತೆ ಉಂಟು ಚಿಕ್ಕಮ್ಮ. ನಿಮಗೆ ಎಂತಕ್ಕೆ ಈಗ?”

“ಊರಿಗೆ ಒಮ್ಮೆ ಹೋಗಿ ಬರುವ ಅಂತ.”

“ಮದುವೆಗೆ ಎಲ್ಲರೂ ಒಟ್ಟಿಗೇ ಹೋಗುವ. ಇಲ್ಲಿ ನಿಮಗೆ ಎಂತ ಕಡಿಮೆ ಆಗಿದೆ? ಹೇಳಿ.”

ನಾನು ಮಗುವಿನ ಮುಖ ಒರೆಸಿದೆ. ಕಡಿಮೆ ಏನು ಎಂದು ಹೇಳಲು ಹೊರಟರೆ ಎಲ್ಲಿಂದ ಶುರು ಮಾಡುವುದು? ಎ.ಸಿ. ಇದೆ, ಮೀನು ಇದೆ, ಮಗು ನನ್ನ ಸೊಂಟ ಬಿಟ್ಟು ಇಳಿಯುವುದಿಲ್ಲ. ಅಶ್ವಿತಾ ಹಬ್ಬಕ್ಕೆ ಸೀರೆ ತಂದು ಕೊಡುತ್ತಾಳೆ. ನೋಡಿದವರಿಗೆ ನಾನು ಮನೆಯ ಹಿರಿಯಳು. ವೀಸಾದಲ್ಲಿ ಮನೆಗೆಲಸದವಳು ಎಂದಿದೆಯಂತೆ, ನನ್ನ ಐಡಿ ಕಾರ್ಡು ನೋಡಿ ಬಾಯಿ ಹೇಳಿದರು. ಚಿಕ್ಕಮ್ಮ ಆದದ್ದರಿಂದ ಸಂಬಳ ಕೇಳುವ ಹಾಗಿಲ್ಲ. ಕೆಲಸದವಳು ಆದದ್ದರಿಂದ ಹೋಗುವ ಹಾಗಿಲ್ಲ.

ಪಾಸ್‌ಪೋರ್ಟ್ ನಮ್ಮ ಕೈಯಲ್ಲೇ ಇರಬೇಕು ಎಂದು ಇಲ್ಲಿನ ಕಾನೂನು ಎಂದರು ಬಾಯಿ. ಹಾಗೆಂದು ಯಜ್ಞೇಶನ ಮುಖ ನೋಡಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಅವನು ಸಣ್ಣವನಿದ್ದಾಗ ನಾನೇ ಮೀಯಿಸಿದ್ದು.

ಮರುದಿನ ಟೆರೇಸಿನ ಬಾಗಿಲಿಗೆ ಬೀಗ ಬಿತ್ತು. “ಬಿಸಿಲು ಜಾಸ್ತಿ ಆಯ್ತು, ಬಟ್ಟೆ ಇನ್ನು ಮೆಷಿನಿನಲ್ಲೇ ಒಣಗಿಸಿ ಮಾಮಿ” ಎಂದಳು ಅಶ್ವಿತಾ. ಅವಳು ಹಾಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ಈಗ ಅಡುಗೆಮನೆಯ ಕಿಟಕಿಯೊಂದೇ. ಅದರ ಹೊರಗೆ ಬಾಯಿಯ ಮನೆಗೆ ಹೋಗುವ ಓಣಿ. ಅವರು ಡ್ಯೂಟಿಗೆ ಹೋಗುವಾಗ ಅಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಕೊಡಬೇಕು, ತೆಗೆದುಕೊಳ್ಳಬೇಕು.

ಅವರ ಗಂಡ ಲ್ಯಾನ್ಸ್‌ಲಾಟ್‌ರಿಗೆ ಇದು ಇಷ್ಟವಿಲ್ಲ. “ನಾಳೆ ನಮ್ಮ ಮೇಲೆ ಕಂಪ್ಲೇಂಟ್ ಆದ್ರೆ? ನಮಗೂ ಇಲ್ಲಿ ಊಟ ಆಗ್ಬೇಕಲ್ಲ” ಎಂದು ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. ಅವರದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಬೇಡ ಎನ್ನು ಮಗಾ.

ಅಮ್ಮ
ಲೀಲಾಕ್ಷಿ


ಕಾರ್ಕಳ
18 ಮೇ 2024

ಅಮ್ಮಾ,

ಸಿಟ್ಟು ಮಾಡಬೇಡ. ನಾನು ಹೂಂ ಎಂದೆ.

ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಅದು ಬರುವ ಮೊದಲು ಮುಗಿಸಬೇಕು ಎಂದು ದೊಡ್ಡಮ್ಮ ಹಟ ಹಿಡಿದಿದ್ದಾರೆ. ಈದ್ ರಜೆಗೆ ಕೃತಿಕ್ ಬರುತ್ತಾರೆ. ಜೂನ್ 16ಕ್ಕೆ ನಿಶ್ಚಿತಾರ್ಥ. ನಾನು ಒಂದೇ ಒಂದು ಷರತ್ತು ಹಾಕಿದ್ದೇನೆ, ಅಮ್ಮ ಇಲ್ಲದೆ ತಾಂಬೂಲ ಇಲ್ಲ ಎಂದು. ಯಜ್ಞೇಶಣ್ಣ “ಆಯ್ತು, ಕರ್ಕೊಂಡು ಬರ್ತೇವೆ” ಎಂದಿದ್ದಾರೆ.

ನೀನು ಮಂಗಳೂರಿನಲ್ಲಿ ವಿಮಾನ ಇಳಿದರೆ ಸಾಕು. ಆಮೇಲೆ ಅವರು ಏನೇ ಹೇಳಲಿ, ನಾವಿಬ್ಬರೂ ಒಂದೇ ಕಡೆ ಇರುತ್ತೇವೆ. ಆಗ ನಾನು ಬೇಡ ಎನ್ನುತ್ತೇನೆ. ಅಲ್ಲಿಯವರೆಗೆ ನೀನು ಫೋನಿನಲ್ಲಿ ಖುಷಿಯಾಗಿರು. ನಾನೂ ಇರುತ್ತೇನೆ.

ನಿನ್ನ
ಅಕ್ಷಯಾ


ಮುಐದರ್
8 ಜೂನ್ 2024

ಮಗಾ,

ಈ ಕಾಗದ ನಿನ್ನ ಕೈ ಸೇರುವಾಗ 16 ಕಳೆದಿರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ.

ನನ್ನನ್ನು ಕರೆದುಕೊಂಡು ಹೋಗುತ್ತಿಲ್ಲ. ಕೃತಿಕ್, ಅಶ್ವಿತಾ, ಮಗು ಹೋಗುತ್ತಾರೆ. ಯಜ್ಞೇಶನಿಗೆ ಡ್ಯೂಟಿ. ಅವನಿಗೆ ಬೇಯಿಸಿ ಹಾಕಲು ಒಬ್ಬರು ಬೇಕು. “ನಿಶ್ಚಿತಾರ್ಥ ಅಲ್ವಾ ಚಿಕ್ಕಮ್ಮ, ಮದುವೆಗೆ ಹೋಗುವ. ವಿಡಿಯೋ ಕಾಲ್‌ನಲ್ಲಿ ನೀವು ಆಶೀರ್ವಾದ ಮಾಡಿದ್ರೆ ಆಯ್ತು” ಎಂದ. ಬ್ಯಾಗಿಗೆ ತುಂಬಲು ನಾನು ತೆಗೆದಿಟ್ಟಿದ್ದ ಸೀರೆಗಳನ್ನು ಅಶ್ವಿತಾ ತಂದು ನನ್ನ ಮಂಚದ ಮೇಲೆ ಇಟ್ಟು ಹೋದಳು. ಚೆನ್ನಾಗಿ ಮಡಚಿದ್ದಳು.

ನೀನು ನನಗಾಗಿ ಕಾದು ಕೂತಿದ್ದೀ, ನಾನು ನಿನಗಾಗಿ. ಹೀಗೆ ಕಾದರೆ ಇಬ್ಬರೂ ಇಲ್ಲೇ ಮುದುಕಿಯರಾಗುತ್ತೇವೆ.

ಅಮ್ಮ


ಕಾರ್ಕಳ
19 ಜೂನ್ 2024

ಅಮ್ಮಾ,

ರೈಹಾನಾಳ ಫೋನಿನಿಂದ ಕ್ಲಿನಿಕ್‌ಗೆ ಕರೆ ಮಾಡಿದಾಗ ನೀನು ಕ್ಷೇಮ ಎಂದು ಪರ್ಪೆಚುವಾ ಆಂಟಿ ಹೇಳಿದರು. ಆದರೂ ನಿನ್ನ ಕಾಗದ ಬರುವವರೆಗೆ ನನಗೆ ನೆಮ್ಮದಿ ಇಲ್ಲ. ಇಲ್ಲಿ ಏನಾಯಿತು ಎಂದು ನಿನಗೆ ಅರ್ಧ ಮಾತ್ರ ಕಂಡಿರಬಹುದು. ಉಳಿದರ್ಧ ಬರೆಯುತ್ತೇನೆ.

ಬೆಳಿಗ್ಗೆ ಅಶ್ವಿತಾ ಅತ್ತಿಗೆಯ ಹಿಂದೆ ನೀನು ಇರಲಿಲ್ಲ. “ಅಮ್ಮ ಎಲ್ಲಿ” ಎಂದೆ. “ಕಾಲ್ ಮಾಡುವ” ಎಂದರು. ಹಾಲ್ ತುಂಬಾ ಜನ. ನನಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಎಲ್ಲರೆದುರು ಏಳಲು ನನ್ನಿಂದ ಆಗಲಿಲ್ಲ ಅಮ್ಮ. ಇಷ್ಟು ದಿನ ಬೇಡ ಎನ್ನುತ್ತೇನೆ ಎಂದು ನಿನಗೆ ಬರೆದವಳು, ಅಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಕೃತಿಕ್‌ರ ಸೋದರಮಾವ ಫೋನನ್ನು ಎತ್ತಿ ಹಿಡಿದು, “ತಾಯಿಯ ಒಪ್ಪಿಗೆ ಒಂದು ಕೇಳುವ, ಮತ್ತೆ ತಾಂಬೂಲ” ಎಂದರು. ಪರದೆಯಲ್ಲಿ ನೀನು, ಪಕ್ಕದಲ್ಲಿ ಯಜ್ಞೇಶಣ್ಣ. ಮೂರು ವರ್ಷದಲ್ಲಿ ನೀನು ಎಷ್ಟು ಬಡಕಲಾಗಿದ್ದೀ.

“ಹೂಂ ಹೇಳಿ ಚಿಕ್ಕಮ್ಮ” ಎಂದರು ಅಣ್ಣ.

ನೀನು ಏನೋ ಹೇಳಿದೆ. ಮಾವನಿಗೆ ಕೇಳಿಸಲಿಲ್ಲ. “ನೆಟ್ ಸರಿ ಇಲ್ಲ ಅಂತ ಕಾಣ್ತದೆ” ಎಂದರು.

“ನೆಟ್ ಸರಿ ಉಂಟು” ಎಂದೆ ನೀನು. “ನನ್ನ ಮಗಳನ್ನು ನಾನು ಕೊಡುವುದಿಲ್ಲ. ಆ ಹುಡುಗ ನನ್ನ ಕೈ ಮುರಿದಿದ್ದಾನೆ. ಬಚ್ಚಲಲ್ಲಿ ಜಾರಿದ್ದಲ್ಲ.”

ಅಮ್ಮ, ನಿನ್ನ ಸ್ವರ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನವರಿಗೂ ಕೇಳಿಸಿತು. ಆಮೇಲೆ ಪರದೆಯಲ್ಲಿ ನಿಮ್ಮ ಮನೆಯ ಸೀಲಿಂಗ್ ಕಂಡಿತು, ಕಟ್ ಆಯಿತು.

ಆಗ ನಾನು ಎದ್ದೆ. “ನನಗೂ ಬೇಡ” ಎಂದೆ. ಕೃತಿಕ್ ನಗುತ್ತಲೇ ಬಂದು ನನ್ನ ಮಣಿಕಟ್ಟು ಹಿಡಿದು “ಬಾ, ಒಳಗೆ ಹೋಗಿ ಮಾತಾಡುವ” ಎಂದರು. ಮುಖದಲ್ಲಿ ನಗು ಹಾಗೇ ಇತ್ತು, ಕೈ ಮಾತ್ರ ಬಿಗಿಯಾಗುತ್ತಾ ಹೋಯಿತು. ಬಳೆ ಒಡೆದವು. ಇಷ್ಟು ದಿನ ಹೂಂ ಹೇಳು ಹೂಂ ಹೇಳು ಎನ್ನುತ್ತಿದ್ದ ದೊಡ್ಡಮ್ಮ ಅದನ್ನು ನೋಡಿದರು. ತಟ್ಟೆ ಕೆಳಗಿಟ್ಟು ಬಂದು, ಅವರ ಒಂದೊಂದೇ ಬೆರಳು ಬಿಡಿಸಿ, “ಊಟ ಮಾಡಿ ಹೋಗಿ. ಬೇರೆ ಮಾತು ಇಲ್ಲ” ಎಂದರು.

ಅವರು ಊಟ ಮಾಡಲಿಲ್ಲ. ಅಶ್ವಿತಾ ಅತ್ತಿಗೆ ಹೊರಡುವಾಗ ನನ್ನ ಕೈಯನ್ನು ನೋಡಿದರು.

ನಾನು ಇಲ್ಲಿ ಹೊರಗಿದ್ದೇನೆ ಅಮ್ಮ. ನೀನು ಅಲ್ಲಿ ಒಳಗೆ, ಅವರೊಟ್ಟಿಗೆ. ನನಗೆ ಬೇಕಾದದ್ದು ಇದಲ್ಲ.

ಅಕ್ಷಯಾ


ಮುಐದರ್
26 ಜುಲೈ 2024

ಮಗಾ ಅಕ್ಷಯಾ,

ಇಷ್ಟು ದಿನ ಬರೆಯದ್ದಕ್ಕೆ ಹೆದರಿರಬೇಕು. ಅಡುಗೆಮನೆಯ ಕಿಟಕಿಗೂ ಹೊರಗಿನಿಂದ ಶೀಟು ಹೊಡೆಸಿದ್ದರು. ಈಗ ನಿಧಾನಕ್ಕೆ ಎಲ್ಲ ಹೇಳುತ್ತೇನೆ.

ಫೋನು ಕಟ್ ಮಾಡಿದ ಮೇಲೆ ಯಜ್ಞೇಶ ನನಗೆ ಬೈಯಲಿಲ್ಲ. ಸೋಫಾದಲ್ಲಿ ಕೂತ. “ಮರ್ಯಾದೆ ತೆಗೆದ್ರಿ ಚಿಕ್ಕಮ್ಮ. ಇಷ್ಟು ಮಾಡಿದ್ದಕ್ಕೆ ಇದು” ಎಂದ. ನನ್ನ ಫೋನನ್ನು ಅವನ ಕಿಸೆಗೆ ಹಾಕಿಕೊಂಡ. ಅವತ್ತಿನಿಂದ ನನ್ನೊಡನೆ ಮಾತಿಲ್ಲ. ಬಡಿಸಿದ್ದನ್ನು ತಿನ್ನುತ್ತಾನೆ, ತಟ್ಟೆ ಸರಿಸಿ ಏಳುತ್ತಾನೆ. ಮಾತು ನಿಂತ ಮನೆಯಲ್ಲಿ ಕುಕ್ಕರಿನ ಸೀಟಿ ಕೇಳಿದರೂ ಬೆಚ್ಚಿ ಬೀಳುತ್ತಿದ್ದೆ.

ಒಂದು ಶುಕ್ರವಾರ ಅವನು ಹೊರಗೆ ಹೋಗಿದ್ದಾಗ ಕಸದ ಚೀಲ ಇಡಲು ಗೇಟಿನವರೆಗೆ ಹೋದೆ. ಗೇಟಿಗೆ ಬೀಗ ಇರಲಿಲ್ಲ. ಯಾವತ್ತೂ ಇರಲಿಲ್ಲ. ಮೂರು ವರ್ಷ ನಾನೊಬ್ಬಳೇ ದಾಟಲಿಲ್ಲ, ಏಕೆಂದರೆ ದಾಟಿ ಎಲ್ಲಿಗೆ ಹೋಗುವುದೆಂದು ನನಗೆ ಗೊತ್ತಿರಲಿಲ್ಲ. ಅವತ್ತು ಗೋಡೆ ಸುತ್ತಿ ಹೋಗಿ ಬಾಯಿಯ ಬಾಗಿಲು ತಟ್ಟಿದೆ. ತೆಗೆದದ್ದು ಲ್ಯಾನ್ಸ್‌ಲಾಟ್. ನನ್ನನ್ನು ನೋಡಿದರು, ಓಣಿಯ ಎರಡೂ ಕಡೆ ನೋಡಿದರು. ಬೇಡ ಎನ್ನುತ್ತಾರೆ ಅಂದುಕೊಂಡೆ. ಒಳಗೆ ಹೋಗಿ ಕಾರಿನ ಕೀ ತಂದರು. “ಯಲ್ಲಾ, ಹೋಗುವ. ಇವತ್ತು ಕ್ಯಾಂಪ್ ಉಂಟು” ಎಂದರು. ಬಾಯಿಯೂ ಕಾರು ಹತ್ತಿದರು.

ನಮ್ಮ ಎಂಬೆಸಿಯವರು ನಮ್ಮ ದೇಶದ ಕೆಲಸದವರ ದೂರು ಕೇಳುವ ಕ್ಯಾಂಪು. ದೊಡ್ಡ ಕೋಣೆ, ಬರ್ವಾ ಅಲ್ ಬರಾಹಾದ ಲೇಬರ್ ವಸತಿಯ ಕಡೆಯ ಗಂಡಸರೇ ಹೆಚ್ಚು. ನಾನು ರವಿಕೆಯೊಳಗಿನಿಂದ ಕಾಗದ ತೆಗೆದೆ. ಮೊದಲೇ ಬರೆದಿಟ್ಟಿದ್ದೆ, ಕೈ ಮುರಿದದ್ದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ. ಮೇಜಿನ ಹಿಂದಿದ್ದವರು ಉತ್ತರದ ಕಡೆಯವರು. ತಿರುಗಿಸಿ ನೋಡಿ, “ಯೇ ಕೌನ್ಸೀ ಭಾಷಾ ಹೈ?” ಎಂದರು. ಕನ್ನಡ ಎಂದರು ಬಾಯಿ. ಅವರು ಅತ್ತಿತ್ತ ನೋಡಿ, ಯಾರಿಗಾದರೂ ಇದನ್ನು ಓದಲು ಬರುತ್ತದಾ ಎಂದು ಕೇಳಿದರು. ಯಾರೂ ಏಳಲಿಲ್ಲ. ಬಾಯಿ ಕೈ ಚಾಚಿದರು.

ನಾನು ಕೊಡಲಿಲ್ಲ. “ನಾನೇ ಓದ್ತೇನೆ ಬಾಯಿ. ನೀವು ಅವರ ಭಾಷೆಯಲ್ಲಿ ಹೇಳಿ” ಎಂದೆ.

ನಿಂತುಕೊಂಡು ಓದಿದೆ. ಒಂದೊಂದು ಪದಕ್ಕೂ ಬೆರಳಿಟ್ಟುಕೊಂಡು ಓದಿದೆ. ನಾನೊಂದು ಸಾಲು, ಬಾಯಿಯದ್ದೊಂದು ಸಾಲು. ಸಿಂಕಿನ ಮಾತು ಬಂದಾಗ ಬಾಯಿ ನನ್ನ ಬಲಗೈ ನೋಡಿದರು. ಅವರಿಗೂ ಅದನ್ನು ನಾನು ಹೇಳಿರಲಿಲ್ಲ. ಕಣ್ಣು ಒರೆಸಿಕೊಂಡು ಮುಂದುವರಿಸಿದರು. ಆ ಅಧಿಕಾರಿ ಕೆಳಗೆ ಸಹಿಯಾ, ಹೆಬ್ಬೆಟ್ಟಾ ಎಂದು ಕೇಳಿದಾಗ ಪೆನ್ನು ತೆಗೆದುಕೊಂಡೆ.

ಅವರು ಅಲ್ಲಿಂದಲೇ ಯಜ್ಞೇಶನಿಗೆ ಫೋನ್ ಮಾಡಿದರು. ಕೆಲವು ದಿನ ಬಿಟ್ಟು ಅವನು ಪಾಸ್‌ಪೋರ್ಟನ್ನು ಊಟದ ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದ. ಕೈಗೆ ಕೊಡಲಿಲ್ಲ. ಆಗಸ್ಟ್ 14ಕ್ಕೆ ಟಿಕೆಟ್ ಆಗಿದೆ.

ನೀನು ಕೂಡಲೇ ಅಲ್ಲಿಂದ ಹೊರಡು ಎನ್ನುತ್ತೀ. ವೀಸಾ ಅವನ ಹೆಸರಿನಲ್ಲಿದೆ, ಅದು ರದ್ದಾಗುವ ಮೊದಲು ಮನೆ ಬಿಟ್ಟರೆ ಓಡಿಹೋದವಳು ಎಂದು ಅವನು ಪೊಲೀಸರಲ್ಲಿ ಬರೆಸಬಹುದು ಎಂದು ಲ್ಯಾನ್ಸ್‌ಲಾಟ್ ಹೇಳಿದರು. ಹಾಗಾಗಿ ಅದೇ ಮನೆ, ಅದೇ ಅಡುಗೆ. ಬಾಗಿಲು ತೆರೆದಿದೆ ಎಂದು ಗೊತ್ತಾದ ಮೇಲೆ ಒಳಗೆ ಕೂರುವುದು ಮೊದಲಿಗಿಂತ ಕಷ್ಟ ಮಗಾ. ಬೆಳಿಗ್ಗೆ ಎದ್ದರೆ ಸಂಜೆ ಆಗುವುದಿಲ್ಲ. ಕಲಿತ ಅಕ್ಷರಗಳನ್ನೆಲ್ಲ ಮತ್ತೆ ಮತ್ತೆ ಬರೆಯುತ್ತೇನೆ, ಈಗ ಮೇಜಿನ ಮೇಲೆ, ಎಲ್ಲರ ಎದುರಿಗೆ. ಯಾರೂ ಬೇಡ ಎನ್ನುವುದಿಲ್ಲ. ಯಾರೂ ನೋಡುವುದೂ ಇಲ್ಲ. ಮಗು ಮಾತ್ರ ಬಂದು ತೊಡೆಯ ಮೇಲೆ ಕೂರುತ್ತದೆ. ಅದನ್ನು ಬಿಟ್ಟು ಬರುವುದು ಹೇಗೆಂದು ನನಗೆ ಇನ್ನೂ ಗೊತ್ತಿಲ್ಲ.

ಕೃತಿಕ್ ಈಗ ಇಲ್ಲಿಗೆ ಬರುವುದಿಲ್ಲ. ಅಶ್ವಿತಾ ಊರಿನಿಂದ ಬಂದ ವಾರವೇ ಅವನಿಗೆ ಫೋನಿನಲ್ಲಿ ಬರಬೇಡ ಎಂದಳು. ಯಜ್ಞೇಶ ಯಾಕೆಂದು ಕೇಳಿದ್ದಕ್ಕೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ನಿನ್ನೆ ನಾನು ಪಾತ್ರೆ ತೊಳೆಯುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ನಿಂತು, ತೊಳೆದದ್ದನ್ನು ಒರೆಸಿ ಇಡಲು ಶುರು ಮಾಡಿದಳು. ಅವಳು ಎಂದೂ ಹಾಗೆ ಮಾಡಿದವಳಲ್ಲ. ಒರೆಸುತ್ತಲೇ ಕೇಳಿದಳು, “ಅಕ್ಷಯಾಳಿಗೆ ಬರೀತೀರಾ ಮಾಮಿ, ಈಗಲೂ?”

“ಬರೀತೇನೆ.”

ಕುತ್ತಿಗೆಯ ಹತ್ತಿರ ಕೂದಲು ಸರಿಸಿದಳು. ಕಿವಿಯ ಹಿಂದೆ ಹಳೆಯ ಹೊಲಿಗೆಯ ಗುರುತು. ಮೂರು ವರ್ಷ ಅವಳ ತಲೆಗೆ ಎಣ್ಣೆ ಹಾಕಿದ್ದೇನೆ, ಕೈಗೆ ತಾಗಿದೆ, ಕೇಳಿರಲಿಲ್ಲ.

“ನನಗೆ ಆಗ ಹನ್ನೊಂದು ವರ್ಷ. ಕೃತಿಕ್‌ಗೆ ಒಂಬತ್ತು” ಎಂದಳು. “ಮೆಟ್ಟಿಲಲ್ಲಿ ಬಿದ್ದದ್ದು ಅಂತ ಅಮ್ಮ ಎಲ್ಲರ ಹತ್ರ ಹೇಳಿದ್ರು. ನಾನೂ ಹಾಗೇ ಹೇಳ್ತಾ ಬಂದೆ.”

ನಾನು ನಲ್ಲಿ ನಿಲ್ಲಿಸಿದೆ.

“ಬರೆಯುವಾಗ ಅವಳಿಗೆ ಹೇಳಿ, ಒಳ್ಳೇದಾಯ್ತು ಅಂತ. ನಾನು ಹೇಳಿದ್ದು ಅಂತ ಬರೀರಿ.”

ಬರೆದಿದ್ದೇನೆ.

ನಿನ್ನ ಅಮ್ಮ
ಲೀಲಾಕ್ಷಿ